ತಳ ಕೆರೆಯುವ ಸದ್ದು

ಸಿಕಂದರಾಬಾದಿನ ಶಾಲೆಯಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಮಿಸ್ಸು ಒಂದು ದಿನ ಬೋರ್ಡಿನ ಮೇಲೆ 'ಸ್ಕ್ರೇಪ್' ಎಂದು ಬರೆದು, ಈ ಒಂದು ಪದಕ್ಕೆ ಎಷ್ಟು ಕೆಲಸವಿದೆ ನೋಡಿ ಎಂದರು. ಬಿದ್ದು ಮೊಣಕಾಲು ತರಚಿಕೊಂಡರೂ ಸ್ಕ್ರೇಪ್, ಬೂಟಿಗೆ ಮೆತ್ತಿದ ಕೆಸರು ಕೆರೆದರೂ ಸ್ಕ್ರೇಪ್, ಕುರ್ಚಿ ಎಳೆದಾಗ ನೆಲ ಕಿರುಗುಟ್ಟಿದರೂ ಸ್ಕ್ರೇಪ್. ಪರೀಕ್ಷೆಯಲ್ಲಿ ಹೇಗೋ ಪಾರಾದರೂ ಅದೇ, ಫಜೀತಿಯಲ್ಲಿ ಸಿಕ್ಕಿಬಿದ್ದರೂ ಅದೇ. ಆಮೇಲೆ ಎಲ್ಲರೂ ಒಂದೊಂದು ವಾಕ್ಯ ಹೇಳಬೇಕೆಂದರು. ಮೊದಲ ಸಾಲಿನಲ್ಲಿ ಕೂತವರೆಲ್ಲ ಮೊಣಕಾಲು ತರಚಿಕೊಂಡು ಮುಗಿಸಿದರು. ನನ್ನ ಸರದಿ ಬಂತು. ವಾಕ್ಯವೇನೋ ನನ್ನ ಹತ್ತಿರ ಸಿದ್ಧವಾಗಿತ್ತು: ಬಂದವರು ಉಂಡು ಎದ್ದ ಮೇಲೆ ನಮ್ಮವ್ವ ಅನ್ನದ ಬೋಗಾಣಿಯ ತಳ ಕೆರೆಯುತ್ತಾಳೆ. ಆದರೆ ಅದು ಮನೆಯ ಗುಟ್ಟು, ಹೊರಗೆ ಹೇಳುವಂತಿರಲಿಲ್ಲ. ನಾನೂ ಮೊಣಕಾಲೇ ತರಚಿಕೊಂಡು ಕೂತುಬಿಟ್ಟೆ.

ನಮ್ಮ ಮನೆ ರೈಲ್ವೆ ಸ್ಟೇಷನ್ನಿಗೆ ಹತ್ತಿರವಿತ್ತು. ಅದೇ ಅದರ ದೊಡ್ಡ ತಪ್ಪು. ರಾಯಚೂರಿನ ಕಡೆಯಿಂದ ರೈಲು ಹತ್ತಿದವರಿಗೆ, ಅವರು ಆಸ್ಪತ್ರೆಗೆ ಬಂದಿರಲಿ, ಮದುವೆಯ ಸೀರೆ ಕೊಳ್ಳಲು ಬಂದಿರಲಿ, ಮಗನನ್ನು ಪರೀಕ್ಷೆಗೆ ಕೂಡಿಸಲು ಬಂದಿರಲಿ, ಇಳಿದ ಮೇಲೆ ಮೊದಲು ಕಾಣುವುದು ನಮ್ಮ ಬಾಗಿಲು. ಅಪ್ಪ ಬೇಗಂಪೇಟೆಯ ಒಂದು ಖಾಸಗಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮನೆ ಎಂದರೆ ಎರಡು ಖೋಲಿ. ಮುಂದಿನ ಖೋಲಿಯಲ್ಲಿ ಅಪ್ಪ, ಬಂದವರು, ಅವರ ಟ್ರಂಕುಗಳು. ಒಳಗಿನ ಖೋಲಿಯಲ್ಲಿ ಒಲೆ, ದೇವರು, ಅವ್ವ, ನಾನು, ನನ್ನ ತಮ್ಮ ಬಸು. ನಡುವೆ ಬಾಗಿಲಿರಲಿಲ್ಲ, ಅವ್ವನ ಹಳೆಯ ಇಳಕಲ್ ಸೀರೆಯ ಪರದೆಯಿತ್ತು. ಹಿಂದಿನ ಗೋಡೆಯಾಚೆ ಮನೆಯ ಒಡತಿ, ನಾವು ಓನರಮ್ಮ ಎನ್ನುತ್ತಿದ್ದ ತೆಲುಗಿನ ಹೆಂಗಸು ಇರುತ್ತಿದ್ದಳು. ನಮ್ಮ ಒಲೆಯ ಮೇಲೆ ಎರಡನೆಯ ಪಾತ್ರೆ ಏರಿತೆಂದರೆ ಆಕೆಗೆ ಹೇಗೋ ಗೊತ್ತಾಗುತ್ತಿತ್ತು. ಮತ್ತೆ ನೆಂಟರು ಬಂದರಾ ಎಂದು ಗೋಡೆಯಾಚೆಯಿಂದಲೇ ಅವ್ವನನ್ನು ವಿಚಾರಿಸುತ್ತಿದ್ದಳು.

"ಏಮಮ್ಮಾ ಗಂಗಮ್ಮಾ, ಮಳ್ಳೀ ಚುಟ್ಟಾಲು ವಚ್ಚಾರಾ?"

ಬಂದವರು ಪರದೆಯ ಈಚೆಗೇ ಕೂತಿರುತ್ತಿದ್ದರು. ಅವರಿಗೆ ತೆಲುಗು ಬರುತ್ತಿತ್ತೋ ಇಲ್ಲವೋ ಎಂದು ನಾನು ಅವರ ಮುಖ ನೋಡುತ್ತಿದ್ದೆ. ರಾಯಚೂರಿನ ಕಡೆಯವರಿಗೆ ಬಾರದೆ ಇರುತ್ತದೆಯೇ! ಅಪ್ಪ ಮಾತ್ರ ಗಟ್ಟಿಯಾಗಿ ನಕ್ಕು, ಹೌದು ಎಂದು ಆಕೆಗೆ ಇಲ್ಲಿಂದಲೇ ಉತ್ತರ ಕೊಡುತ್ತಿದ್ದರು. ಮನೆಗೆ ಮಂದಿ ಬಂದಷ್ಟೂ ಅಪ್ಪನ ಎದೆ ಅಗಲವಾಗುತ್ತಿತ್ತು. ಊರಲ್ಲಿ ಹಿರಿಯರ ದೊಡ್ಡ ಮನೆಯಲ್ಲಿ ಬೆಳೆದ ಅವರಿಗೆ, ಎರಡು ಖೋಲಿಯ ಬಾಡಿಗೆ ಮನೆಯಲ್ಲೂ ಅದೇ ದೊಡ್ಡಸ್ತಿಕೆ ನಡೆಯಬೇಕು.

ಆ ದೊಡ್ಡ ಮನೆಯಲ್ಲಿ ಒಂದು ಕಟ್ಟಳೆಯಿತ್ತಂತೆ. ಬಡಿಸುವಾಗ ಸೌಟು ಪಾತ್ರೆಯ ತಳಕ್ಕೆ ತಾಗಿ ಸದ್ದಾಗಬಾರದು. ತಳ ಕೆರೆದ ಸದ್ದು ಕಿವಿಗೆ ಬಿದ್ದರೆ ಉಣ್ಣುತ್ತಿದ್ದವನು ಹೊಟ್ಟೆ ತುಂಬದಿದ್ದರೂ ಕೈ ತೊಳೆದು ಎದ್ದುಬಿಡುತ್ತಾನೆ, ಅವನ ಅರ್ಧ ಹಸಿವು ಬಡಿಸಿದವಳ ತಲೆಗೆ ಬರುತ್ತದೆ. ಮದುವೆಯಾಗಿ ಹೋದ ಹೊಸದರಲ್ಲಿ ಅವ್ವನಿಗೆ ಅತ್ತೆ ಕಲಿಸಿದ ಮೊದಲ ಪಾಠ ಅದು. ಅಲ್ಲಿ ಅದನ್ನು ಪಾಲಿಸುವುದು ಸುಲಭ. ಅಡುಗೆ ಮನೆ ಎಲ್ಲೋ ಒಳಗೆ, ಊಟಕ್ಕೆ ಕೂರುವುದು ಪಡಸಾಲೆಯಲ್ಲಿ, ನಡುವೆ ಎರಡು ದಪ್ಪ ಬಾಗಿಲು. ಇಲ್ಲಿ ಬರೀ ಪರದೆ. ತೆಳು ಅಲ್ಯುಮಿನಿಯಮ್ಮಿನ ಜರ್ಮನ್ ಬೋಗಾಣಿಗೆ ಹಿತ್ತಾಳೆ ಸೌಟು ಸ್ವಲ್ಪ ಸೋಕಿದರೂ ಸಾಕು, ಮುಂದಿನ ಖೋಲಿಯಿರಲಿ, ಓನರಮ್ಮನಿಗೂ ಕೇಳುತ್ತಿತ್ತು.

ಅವ್ವ ಇದಕ್ಕೆ ತಾನೇ ಒಂದು ಉಪಾಯ ಹುಡುಕಿಕೊಂಡಿದ್ದಳು. ತವರಿನಿಂದ ತಂದ ಒಂದು ಕಟ್ಟಿಗೆ ಸೌಟಿತ್ತು, ಹಿಡಿಯ ಒಂದು ಮಗ್ಗುಲು ಒಲೆಗೆ ತಾಗಿ ಸುಟ್ಟು ಕರ್ರಗಾಗಿತ್ತು. ಅದರಿಂದ ಎಷ್ಟು ಬಳಿದರೂ ಸದ್ದಿಲ್ಲ. ಅನ್ನ, ಬ್ಯಾಳಿ ಸಾಕಷ್ಟಿದ್ದ ದಿನ ಹಿತ್ತಾಳೆ ಸೌಟು, ಸಾಲದ ದಿನ ಕಟ್ಟಿಗೆ ಸೌಟು. ಬಸು ಇನ್ನೂ ನೆಟ್ಟಗೆ ಶಾಲೆಗೆ ಹೋಗುತ್ತಿರಲಿಲ್ಲ, ಅಷ್ಟರಲ್ಲೇ ಅವ್ವ ನಮ್ಮಿಬ್ಬರನ್ನೂ ಒಲೆಯ ಮುಂದೆ ಕೂಡಿಸಿಕೊಂಡು ಈ ಪಾಠ ಹೇಳಿದ್ದಳು.

"ನನ್ನ ಕೈಯಾಗ ಕಟ್ಟಿಗಿ ಸೌಟು ಕಂಡ್ರ ಎರಡನೇ ಸಲ ಕೇಳಬಾರ್ದು. ತಿಳೀತಿಲ್ಲೋ? ನಾ ಹಾಕಾಕ ಬಂದ್ರೂ ಸಾಕು ಅನಬೇಕು."

"ಹಸಿವಿದ್ರ?" ಎಂದು ಬಸು ಕೇಳಿದ.

"ಹಸಿವಿದ್ರ ಜೋರ್‍ಲೆ ಸಾಕು ಅನಬೇಕು."

ಬಸು ಈ ಪಾಠವನ್ನು ಅಕ್ಷರಶಃ ಹಿಡಿದುಕೊಂಡ. ಬಂದವರ ಸಾಲಿನಲ್ಲಿ ಕೂತು, ಅವ್ವ ಪರದೆ ಸರಿಸಿ ಬರುವ ಮೊದಲೇ, ಓಣಿಗೆಲ್ಲ ಕೇಳುವಂತೆ "ಸಾಕು!" ಎಂದು ಕಿರುಚುತ್ತಿದ್ದ. ಎಷ್ಟು ಹಸಿದಿದ್ದಾನೆ ಎಂಬುದು ಅವನ ಕೂಗಿನಲ್ಲೇ ತಿಳಿಯುತ್ತಿತ್ತು. ಅಪ್ಪ ಬೆನ್ನು ತಟ್ಟಿ, ನಮ್ಮ ಹುಡುಗರಿಗೆ ಉಂಡುಂಡು ಬೇಸರ ಬಂದುಬಿಟ್ಟಿದೆ ಎಂದು ನಗುತ್ತಿದ್ದರು. ಅಪ್ಪನಿಗೆ ಸೌಟಿನ ವಿಚಾರ ಗೊತ್ತಿರಲಿಲ್ಲ. ಗೊತ್ತಾಗಬಾರದು ಎಂಬುದೂ ಪಾಠದ ಒಂದು ಭಾಗವಾಗಿತ್ತು. ನನಗೆ ಅಪ್ಪನ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಬಂದವರು ಹೊಟ್ಟೆ ತುಂಬಿತೆಂದು ಕೈ ಅಡ್ಡ ಹಿಡಿದರೂ ಬಿಡದೆ, ಅದೊಂದು ಮಾತನ್ನು ಹೇಳಿಯೇ ತೀರುತ್ತಿದ್ದರು.

"ಹಾಕಿಸ್ಕೊಳ್ರಿ, ಹಾಕಿಸ್ಕೊಳ್ರಿ! ನಮ್ಮನಿ ಬೋಗಾಣಿಗೆ ತಳಾನ ಇಲ್ಲ!"

ತಳ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಎಲ್ಲರೂ ಉಂಡು, ಎಲೆ ಅಡಿಕೆ ಹಾಕಿಕೊಂಡು, ಮಾತಿಗೆ ಬಿದ್ದ ಮೇಲೆ ಅವ್ವ ಒಲೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಸದ್ದು ಹೊರಗೆ ಹೋಗದಂತೆ ಬೋಗಾಣಿಯ ಮೇಲೆ ಸೆರಗು ಹೊದಿಸಿ, ಕಟ್ಟಿಗೆ ಸೌಟಿಗೆ ಬಾರದೆ ತಳಕ್ಕೆ ಅಂಟಿದ್ದನ್ನು ಹಿತ್ತಾಳೆ ಸೌಟಿನ ಅಂಚಿನಿಂದ ಕೆರೆಯಲು ಶುರು ಮಾಡುತ್ತಿದ್ದಳು. ನಾನು ಪರದೆಯ ಪಕ್ಕ ಪುಸ್ತಕ ಹಿಡಿದು ಕಿವಿಯೊಡ್ಡಿ ಕೂತಿರುತ್ತಿದ್ದೆ. ಅನ್ನ ಉಳಿದಿದ್ದರೆ ಸದ್ದು ಮಂದವಾಗಿ, ಗಿಡ್ಡವಾಗಿ ಬಂದು ನಿಲ್ಲುತ್ತಿತ್ತು. ಉಳಿಯದಿದ್ದರೆ ಸಣ್ಣಗೆ, ಹಲ್ಲು ಜುಮ್ಮೆನ್ನುವಂತೆ ಉದ್ದಕ್ಕೆ ಎಳೆಯುತ್ತಿತ್ತು. ಅದಾದ ಮೇಲೆ ನೀರು ಸುರಿದ ಸದ್ದು ಬಂದರೆ ಮುಗಿಯಿತು, ಅಂದು ಅವ್ವನ ಊಟ ತಳಕ್ಕೆ ಅಂಟಿದ್ದನ್ನು ಕದಡಿದ ನೀರು, ಒಂದು ಹಸಿಮೆಣಸಿನಕಾಯಿ. ಅದನ್ನು ಕುಡಿದು ಬಾಯಿ ಒರೆಸಿಕೊಂಡು ಹೊರಗೆ ಬಂದಳೆಂದರೆ ಮುಖದಲ್ಲಿ ಏನೂ ಇರುತ್ತಿರಲಿಲ್ಲ. ನೀನು ಉಂಡೆಯಾ ಎಂದು ಕೇಳಿದರೆ ಒಂದೇ ಉತ್ತರ, ಉಂಡೆ. ಹಾಗೆಂದು ನನ್ನ ಪಾಲನ್ನು ಅವಳಿಗೆ ಬಿಟ್ಟೇಳುವಂತೆಯೂ ಇರಲಿಲ್ಲ. ಶಾಲೆಯಲ್ಲಿ ಗೆಳತಿಯ ಡಬ್ಬಿ ತಿಂದೆ ಎಂದು ಸುಳ್ಳು ಹೇಳಿ ನೋಡಿದ್ದೆ. ಅವ್ವ ನನ್ನ ಹೊಟ್ಟೆ ಮುಟ್ಟಿ ನೋಡಿ, ಮುಂದೆ ಕೂಡಿಸಿಕೊಂಡು ತುತ್ತು ಮಾಡಿ ಹಾಕಿದ್ದಳು.

ಹೀಗಾಗಿ ಶಾಲೆಯಿಂದ ಬಂದವಳೇ ನಾನು ಮೊದಲು ನೋಡುತ್ತಿದ್ದುದು ಒಲೆಯ ಮೇಲಿನ ಗೋಡೆಯ ಮೊಳೆಯನ್ನು. ಅಲ್ಲಿ ಹಿತ್ತಾಳೆ ಸೌಟು ತೂಗುತ್ತಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಅದು ಮೊಳೆಗೆ ಹೋಯಿತೆಂದರೆ ಅವ್ವನ ಕೈಯಲ್ಲಿ ಮತ್ತೊಂದಿದೆ ಎಂದರ್ಥ. ಬೇರೆ ಮಕ್ಕಳು ದೆವ್ವಕ್ಕೆ, ಮೇಷ್ಟರಿಗೆ ಹೆದರುತ್ತಿದ್ದ ವಯಸ್ಸಿನಲ್ಲಿ ನಾನು ಒಂದು ಖಾಲಿ ಮೊಳೆಗಾಗಿ ದೇವರಿಗೆ ಕೈ ಮುಗಿಯುತ್ತಿದ್ದೆ. ನಮ್ಮವ್ವ ಹೀಗೆ ತಳದ ನೀರು ಕುಡಿದು ಕುಡಿದು ಒಂದು ದಿನ ಒಲೆಯ ಮುಂದೆಯೇ ಬಿದ್ದುಬಿಡುತ್ತಾಳೆ ಎಂಬುದು ನನ್ನ ಆ ದಿನಗಳ ದೊಡ್ಡ ಭಯ. ಆ ಭಯದಿಂದಲೇ ನನಗೆ ಈ ಕಿವಿ ಬಂದದ್ದು. ಇಂದಿಗೂ ಯಾರ ಮದುವೆಗೆ ಹೋದರೂ, ಮಾತಾಡುತ್ತಲೇ ನನ್ನ ಕಿವಿ ಬಡಿಸುವವರ ಬಕೀಟಿನ ಕಡೆಗಿರುತ್ತದೆ.

ಮಲ್ಲಪ್ಪ ದೊಡ್ಡಪ್ಪ ಬಂದದ್ದು ಕಣ್ಣಿನ ಪೊರೆ ತೆಗೆಸಲು. ಅವರು ಅಪ್ಪನ ಖಾಸಾ ಅಣ್ಣ, ಊರಲ್ಲಿ ಮನೆ ಹೊಲ ನೋಡಿಕೊಂಡಿದ್ದವರು, ದೊಡ್ಡ ಮೀಸೆ, ಸಣ್ಣ ಮಾತು. ಆಗಿನ ಕಾಲದಲ್ಲಿ ಒಂದು ಕಣ್ಣಿಗೆ ಆಪರೇಷನ್ ಆದರೂ ಎರಡಕ್ಕೂ ಪಟ್ಟಿ ಕಟ್ಟಿ, ಅಲುಗಾಡಬೇಡಿ ಎಂದು ಹೇಳಿ ಕಳಿಸುತ್ತಿದ್ದರು. ಮುಂದಿನ ಖೋಲಿಯ ಗೋಡೆಗೆ ಒರಗಿ ಅವರು ದಿನವಿಡೀ ಕೂತಿರುತ್ತಿದ್ದರು. ನೋಡಲು ಬರುವ ಮಂದಿ ಬೇರೆ. ಅವರು ಬಂದಾಗಿನಿಂದ ಬಡಿಸುವ ಹೊತ್ತಿಗೆ ಮೊಳೆಯಿಂದ ಹಿತ್ತಾಳೆ ಸೌಟು ಇಳಿಯಲೇ ಇಲ್ಲ. ಅವ್ವನ ಕೊರಳಿನ ಎಲುಬುಗಳು ಎದ್ದು ಕಾಣತೊಡಗಿದವು. ಕೊಡ ಎತ್ತುವಾಗ ಒಮ್ಮೆ ಗೋಡೆ ಹಿಡಿದು ನಿಂತಳು. ನಾನು ನೋಡಿದ್ದನ್ನು ನೋಡಿ, ಕಾಲು ಜಾರಿತು ಎಂದಳು. ನೆಲ ಒಣಗಿಯೇ ಇತ್ತು.

ಅಂದು ಮಧ್ಯಾಹ್ನ ದೊಡ್ಡಪ್ಪನಿಗೆ ನೀರು ಕೊಡಲು ಹೋದಾಗ ಅವರು ನನ್ನ ಮುಂಗೈ ಹಿಡಿದುಕೊಂಡರು. ಅಪ್ಪ ಕಚೇರಿಗೆ ಹೋಗಿದ್ದರು. ಅವ್ವ ನಲ್ಲಿಯ ಹತ್ತಿರ ಇದ್ದಳು.

"ಶಾರೀ, ನಿಮ್ಮವ್ವ ಕಟ್ಟಿಗಿ ಸೌಟು ಹಿಡಿದಾಳಲ್ಲ?"

ಕಣ್ಣು ಕಟ್ಟಿಕೊಂಡು ಕೂತವರಿಗೆ ಸೌಟು ಕಂಡದ್ದು ಹೇಗೆ? ಅದನ್ನೂ ಅವರೇ ಹೇಳಿದರು.

"ಬಂದಾಗಿಂದ ಕೇಳಾಕತ್ತೀನಿ, ಬಡಿಸೂವಾಗ ಬೋಗಾಣಿ ಸಪ್ಪಳಾನ ಇಲ್ಲ. ನಮ್ಮವ್ವನೂ ಹಂಗ ಮಾಡತಿದ್ಲು, ಮಗಳ. ಖರೇ ಹೇಳು, ನಿಮ್ಮವ್ವ ಉಣ್ಣಾಕತ್ತಾಳೇನು?"

ಹೇಳಿದರೆ ಅವ್ವನ ಮಾನ ಹೋಗುತ್ತದೆ. ಹೇಳದಿದ್ದರೆ ಅವ್ವನೇ ಹೋಗುತ್ತಾಳೆ. ಆ ವಯಸ್ಸಿಗೆ ನನಗೆ ತೋಚಿದ್ದು ಇಷ್ಟೇ, ಮತ್ತು ಅದು ಸರಿಯಾಗಿಯೇ ಇತ್ತು ಎಂದು ಈಗಲೂ ಅಂದುಕೊಂಡಿದ್ದೇನೆ. ಇಲ್ಲ ಎಂದು ತಲೆಯಾಡಿಸಿದೆ. ಅವರಿಗೆ ಕಾಣುವುದಿಲ್ಲ ಎಂದು ಆಮೇಲೆ ನೆನಪಾಗಿ, ಬಾಯಿ ಬಿಟ್ಟು "ಇಲ್ರಿ ದೊಡ್ಡಪ್ಪ" ಎಂದೆ. ಅವರು ಕೈ ಬಿಟ್ಟು, ನೀರು ಕುಡಿದು ಲೋಟ ಕೆಳಗಿಟ್ಟರು. ಸಂಜೆಯವರೆಗೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ದೊಡ್ಡಪ್ಪ ಪಟ್ಟಿ ಬಿಚ್ಚುವ ಮೊದಲೇ ಊರಿಗೆ ಹೊರಟುಬಿಟ್ಟರೆ, ಕಣ್ಣು ಕೆಟ್ಟರೆ, ಅದಕ್ಕೆಲ್ಲ ನಾನೇ ಕಾರಣವಾಗುತ್ತೇನೆ ಎಂದು ಹೆದರಿದ್ದೆ.

ಮರುದಿನ ಭಾನುವಾರ. ಅಪ್ಪ ಮನೆಯಲ್ಲಿದ್ದರು. ತಾಟು ಹಾಕಿ, ದೊಡ್ಡಪ್ಪನ ಕೈ ಹಿಡಿದು ಕೂಡಿಸಿದೆವು. ಅವ್ವ ರೊಟ್ಟಿ, ಪುಂಡಿಪಲ್ಯ ಬಡಿಸಿ ಪರದೆಯಾಚೆ ಹೋದಳು. ದೊಡ್ಡಪ್ಪ ರೊಟ್ಟಿ ಮುರಿಯಲಿಲ್ಲ.

"ಗಂಗವ್ವ, ಬೋಗಾಣಿ ಇಲ್ಲಿ ತಂದಿಡು. ಹಿತ್ತಾಳಿ ಸೌಟೂ ತಾ. ನಿನ್ನ ತಾಟೂ ತಗೊಂಡು ಬಾ. ಇಲ್ಲೇ ಕುಂದ್ರು."

ಅವ್ವ ಪರದೆಯ ಹಿಂದೆ ಕಲ್ಲಾಗಿ ನಿಂತಳು. ನಮ್ಮಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನೆದುರು ಕೂರುವುದೇ ಇಲ್ಲ, ಉಣ್ಣುವುದಂತೂ ದೂರದ ಮಾತು. ಅಷ್ಟು ವರ್ಷದಲ್ಲಿ ಅವಳು ಅವರೆದುರು ತಲೆಯ ಮೇಲಿನ ಸೆರಗು ಇಳಿಸಿರಲಿಲ್ಲ.

"ಅದೆಂಗ ಆಕ್ಕೈತ್ರಿ ಬಾವಾರ? ನಿಮ್ಮ ಮುಂದ ನಾ ಹೆಂಗ ಕುಂದರ್ಲಿ?" ಎಂದು ಒಳಗಿನಿಂದಲೇ ಮೆಲ್ಲಗೆ ಹೇಳಿದಳು.

"ನನಗೇನು ಕಣ್ಣು ಕಾಣ್ತಾವೇನವ್ವ? ಕುರುಡನ ಮುಂದ ಎಂಥಾ ಮರ್ಯಾದಿ? ನೀ ಉಣ್ಣೂ ಸಪ್ಪಳ ಕೇಳೂತನಕ ನಾ ರೊಟ್ಟಿ ಮುರಿಯಂಗಿಲ್ಲ."

ಅಪ್ಪ ಏನೋ ತಮಾಷೆ ಎಂದುಕೊಂಡು ನಕ್ಕರು. ಅಣ್ಣ ನಗದಿದ್ದುದನ್ನು ಕಂಡು ಸುಮ್ಮನಾದರು. ಅವ್ವ ಬಂದಳು. ಬೋಗಾಣಿ ತಂದಿಟ್ಟು, ಗೋಡೆಯ ಕಡೆ ಅರ್ಧ ತಿರುಗಿ, ಸೆರಗು ಹಣೆಯವರೆಗೆ ಎಳೆದುಕೊಂಡು ಕೂತಳು. ಅವಳ ಗೋಣು ಬೆವತಿತ್ತು. ದೊಡ್ಡಪ್ಪ ಕೈಯಾಡಿಸಿ ಸೌಟು ಹುಡುಕಿ ಹಿಡಿದು, ಬೋಗಾಣಿಗೆ ಇಳಿಸಿದರು. ಮೇಲೆ ಇದ್ದ ಅನ್ನದ ಪದರ ದಾಟಿ ಸೌಟು ತಟ್ಟನೆ ತಳ ಮುಟ್ಟಿತು. ಅವರು ನಿಲ್ಲಿಸಲಿಲ್ಲ. ಈ ಅಂಚಿನಿಂದ ಆ ಅಂಚಿಗೆ, ಬೇಕೆಂದೇ, ಭಾರ ಬಿಟ್ಟು ಕೆರೆದರು. ಆ ಸದ್ದು ಮೊದಲ ಬಾರಿಗೆ ಪರದೆಯ ಈಚೆಗೆ ಬಂತು. ಬಸು ಕಿವಿ ಮುಚ್ಚಿಕೊಂಡ. ಗೋಡೆಯಾಚೆ ಓನರಮ್ಮನ ಮನೆಯಲ್ಲಿ ಮಾತು ನಿಂತಿತು.

"ತಮ್ಮಾ, ಕೇಳಿದೇನು?" ಎಂದರು ದೊಡ್ಡಪ್ಪ. "ಇದು ನಿಮ್ಮನಿ ಬೋಗಾಣಿ ತಳ."

ಅಪ್ಪ ಬೋಗಾಣಿಯನ್ನು ಬಗ್ಗಿ ನೋಡಿದರು. ಅವ್ವನನ್ನು ನೋಡಿದರು. ಅವಳ ಕೊರಳು, ಮುಂಗೈ, ಸಡಿಲವಾಗಿ ಮೊಣಕೈಯವರೆಗೆ ಜಾರುವ ಬಳೆಗಳನ್ನು ಅಂದೇ ಮೊದಲ ಸಲ ಕಂಡವರ ಹಾಗೆ ನೋಡಿದರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಆಗ ಎಲ್ಲಿಗೆ ಹೋಯಿತೋ, ಪಾಪ ಅನಿಸಿಬಿಟ್ಟಿತು. ಅಪ್ಪ ತಮ್ಮ ತಾಟಿನ ರೊಟ್ಟಿಯನ್ನು ಎತ್ತಿ ಅವ್ವನ ತಾಟಿಗೆ ಹಾಕಿದರು. ಅವಳು ಬೇಡವೆನ್ನಲು ಬಾಯಿ ತೆರೆದರೆ ಅಳು ಬಂದೀತೆಂದು ಸುಮ್ಮನೆ ಮುರಿದಳು. ಬಳೆಗಳು ಸದ್ದು ಮಾಡಿದವು. ಆ ಸದ್ದು ಕೇಳಿಸಿದ ಮೇಲೆಯೇ ದೊಡ್ಡಪ್ಪ ತಮ್ಮ ರೊಟ್ಟಿ ಮುರಿದದ್ದು. ಪಟ್ಟಿ ಬಿಚ್ಚುವವರೆಗೂ ಪ್ರತಿ ಊಟಕ್ಕೂ ಹಾಗೆಯೇ ನಡೆಯಿತು. ಬಿಚ್ಚಿದ ದಿನ ಅವ್ವ ಮತ್ತೆ ಪರದೆಯ ಹಿಂದೆ ಹೋದಳು, ದೊಡ್ಡಪ್ಪನೂ ಒತ್ತಾಯ ಮಾಡಲಿಲ್ಲ. ಊರಿಗೆ ಹೋದ ಮೇಲೆ ಬರುವವರ ಕೈಯಲ್ಲೆಲ್ಲ ಒಂದೊಂದು ಜೋಳದ ಚೀಲ ಕಳಿಸಿದರು.

ಅಪ್ಪ ಬದಲಾದರು ಎಂದರೆ ಪೂರ್ತಿ ನಿಜವಲ್ಲ. ಮಂದಿಯನ್ನು ಕರೆದು ತರುವುದನ್ನು ಬಿಡಲಿಲ್ಲ. ಆದರೆ ತಳವಿಲ್ಲದ ಬೋಗಾಣಿಯ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ. ಊಟಕ್ಕೆ ಕೂರುವ ಮೊದಲು ಏನೋ ಹುಡುಕುವವರ ಹಾಗೆ ಒಳಗೆ ಬಂದು ಮುಚ್ಚಳ ಎತ್ತಿ ನೋಡಿ ಹೋಗುತ್ತಿದ್ದರು. ಅವ್ವ ಕಟ್ಟಿಗೆ ಸೌಟನ್ನು ಎಸೆಯಲಿಲ್ಲ. ಕಷ್ಟ ಕಳೆದ ಮೇಲೂ, ನಾವು ದುಡಿಯುವಂತಾದ ಮೇಲೂ, ಅವಳು ಕೊನೆಗೇ ಉಂಡಳು, ಸಾಕು ಎನ್ನುವುದನ್ನೇ ಅಂದಳು.

ಅಪ್ಪ ಹೋದ ಮೇಲೆ ಬಸುವಿನ ಜೊತೆಗಿದ್ದ ಅವ್ವ, ಅವನಿಗೆ ವರ್ಗವಾದದ್ದರಿಂದ ಕಳೆದ ವರ್ಷ ಮಾದಾಪುರದ ನಮ್ಮ ಫ್ಲ್ಯಾಟಿಗೆ ಬಂದಳು. ಬಂದ ಕೆಲವೇ ವಾರಗಳಲ್ಲಿ ಸೊರಗತೊಡಗಿದಳು. ಒಂದು ಸೌಟು ಅನ್ನ ಹಾಕುವಷ್ಟರಲ್ಲಿ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದಳು. ಸಾಕು, ಹೊಟ್ಟೆ ಭಾರ, ಹಸಿವಿಲ್ಲ. ಬಳೆಗಳು ಮತ್ತೆ ಮೊಣಕೈಗೆ ಜಾರತೊಡಗಿದಾಗ ನನ್ನ ಹಳೆಯ ಭಯ ಪೂರ್ತಿಯಾಗಿ ವಾಪಸು ಬಂತು. ರಕ್ತ ಪರೀಕ್ಷೆ ಮಾಡಿಸಿದೆ, ಹೊಟ್ಟೆಯ ಸ್ಕ್ಯಾನ್ ಮಾಡಿಸಿದೆ, ಹಲ್ಲಿನ ಡಾಕ್ಟರಿಗೂ ತೋರಿಸಿದೆ. ಎಲ್ಲ ಸರಿಯಾಗಿದೆ ಎಂದರು. ಎಲ್ಲ ಸರಿಯಿದ್ದು ಒಬ್ಬ ಮನುಷ್ಯೆ ಕಣ್ಣೆದುರು ಕರಗುತ್ತಿದ್ದರೆ ಎಲ್ಲಿಗೆ ಕರೆದುಕೊಂಡು ಹೋಗಬೇಕು? ಅವಳ ಕೋಣೆಯಿಂದ ಕೆಮ್ಮು ಕೇಳದಿದ್ದರೂ ಹೋಗಿ ಇಣುಕುತ್ತಿದ್ದೆ.

ಒಂದು ಬೆಳಿಗ್ಗೆ ನಾನು ಪಾತ್ರೆ ತೊಳೆಯುತ್ತಿದ್ದಾಗ ಅವ್ವ ಹಿಂದಿನಿಂದ ಬಂದು ನಿಂತಳು. ಹಾಲ್‌ನಲ್ಲಿ ನನ್ನ ಗಂಡ, ನಿವೃತ್ತರು, ಪೇಪರ್ ಓದುತ್ತಿದ್ದರು. ಕಚೇರಿಯ ಕೆಲಸವನ್ನು ಮನೆಯಿಂದಲೇ ಮಾಡುವ ಮಗ ಕಂಪ್ಯೂಟರಿನ ಮುಂದೆ ಕೂತಿದ್ದ. ಅವ್ವ ಅವರಿಬ್ಬರನ್ನೂ ನೋಡಿ, ದನಿ ತಗ್ಗಿಸಿದಳು.

"ಶಾರೀ, ಹುಡುಗನ ಕೆಲಸ ಹೋಗೇತೇನವ್ವ?"

"ಇಲ್ಲವ್ವ! ಯಾರು ಹೇಳಿದ್ರು?"

"ಯಾರು ಹೇಳಬೇಕು? ನಾ ಬಂದಾಗಿಂದ ನೋಡಾಕತ್ತೀನಿ. ದಿನಾ ಕಟ್ಟಿಗಿ ಸೌಟ ಐತಲ್ಲ ನಿನ್ನ ಕೈಯಾಗ."

ನನ್ನ ಕೈಯಲ್ಲಿ ಸೋಪಿನ ನೊರೆ ಹತ್ತಿದ ಕಟ್ಟಿಗೆ ಸೌಟಿತ್ತು. ನನ್ನ ಅಡುಗೆ ಮನೆಯಲ್ಲಿ ಇದ್ದುದೆಲ್ಲ ಅವೇ. ಪಾತ್ರೆಗಳೆಲ್ಲ ನಾನ್‌ಸ್ಟಿಕ್, ಲೋಹದ ಸೌಟು ತಾಗಿಸಿದರೆ ಕಪ್ಪು ಲೇಪ ಕಿತ್ತು ಬರುತ್ತದೆ. ಸೊಸೆಯಾಗಿ ಅತ್ತೆಯಿಂದ ಕಲಿತದ್ದನ್ನು ನಮಗೆ ಕಲಿಸಿದ್ದ ನಮ್ಮವ್ವ, ಮಗಳ ಮನೆಯಲ್ಲಿ ಅದನ್ನು ತಾನೇ ಪಾಲಿಸುತ್ತ, ಎರಡನೆಯ ಸಲ ಕೇಳದೆ, ಇಷ್ಟು ದಿನ ಅರ್ಧ ಹೊಟ್ಟೆಯಲ್ಲಿ ಏಳುತ್ತಿದ್ದಳು. ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಪಾತ್ರೆ ಎತ್ತಿ ತೋರಿಸಿ, ಇದಕ್ಕೆ ಗೀರು ಬೀಳಬಾರದು ಎಂದು ಕಟ್ಟಿಗೆ ಸೌಟು, ಬೇರೇನಿಲ್ಲ ಎಂದು ವಿವರಿಸಿದೆ. ಅವ್ವ ತಲೆಯಾಡಿಸುತ್ತ ಕೇಳಿಸಿಕೊಂಡಳು. ಕಾಲು ಜಾರಿತು ಎಂದು ನನಗೆ ಹೇಳಿದ್ದವಳು ಅವಳು. ಮಕ್ಕಳ ಎದುರು ಇಂಥ ಸುಳ್ಳು ಅವಳೂ ಎಷ್ಟು ಹೇಳಿರಲಿಲ್ಲ!

"ಹೂಂ, ಇರಬೇಕು," ಎಂದು ನನ್ನ ಕೆನ್ನೆ ಸವರಿ ಹೋದಳು. ಒಂದಕ್ಷರವನ್ನೂ ನಂಬಿರಲಿಲ್ಲ.

ಅಂದು ಮಧ್ಯಾಹ್ನ ಅಟ್ಟದಿಂದ ಅವಳ ಗಂಟು ಇಳಿಸಿ ಹಳೆಯ ಜರ್ಮನ್ ಬೋಗಾಣಿ ತೆಗೆದೆ. ಹಿತ್ತಾಳೆ ಸೌಟೂ ಅದರೊಳಗೇ ಇತ್ತು. ನಾಲ್ಕು ಜನಕ್ಕೆ ಎಷ್ಟು ಬೇಕೆಂದು ಲೆಕ್ಕ ನೋಡದೆ ಕಂಠಮಟ್ಟ ಅನ್ನ ಮಾಡಿದೆ. ಮಗ ತಲೆ ಎತ್ತಿ, ಯಾರು ಬರುತ್ತಿದ್ದಾರೆ ಎಂದು ಕೇಳಿದ. ಮೇಜು ಬಿಟ್ಟು ನೆಲದ ಮೇಲೆ ತಾಟು ಹಾಕಿ, ಬೋಗಾಣಿಯನ್ನು ನಟ್ಟನಡುವೆ ಇಟ್ಟು, ಸೌಟನ್ನು ಅವ್ವನ ಕೈಗೇ ಕೊಟ್ಟೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಸೌಟನ್ನು ಅನ್ನದೊಳಗೆ ಇಳಿಸಿದಳು. ಇಳಿಸುತ್ತಲೇ ಹೋದಳು. ಮುಂಗೈವರೆಗೆ ಹಬೆ ಏರಿತು, ಹಿಡಿಯೂ ಅನ್ನಕ್ಕೆ ತಾಗಿತು, ತಳ ಸಿಗಲಿಲ್ಲ. ಯಾವ ಸದ್ದೂ ಬರಲಿಲ್ಲ. ಕಿವಿ ಕೊಟ್ಟು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು. ಎಲ್ಲರಿಗೂ ಬಡಿಸಿ, ಕೊನೆಗೆ ತನ್ನ ತಾಟಿಗೆ ಒಂದು ಸೌಟು ಹಾಕಿಕೊಂಡು, ಬ್ಯಾಳಿ ಕಲಸಿ ಉಂಡಳು. ಅದು ಮುಗಿದಾಗ ನಾನು ಸೌಟು ತೆಗೆದುಕೊಂಡೆ.

"ಇನ್ನೊಂದೀಟು ಹಾಕ್ಲೇನವ್ವ?"

ಅವಳ ಎಡಗೈ ಆಗಲೇ ತಟ್ಟೆಯ ಮೇಲೆ ಅಡ್ಡ ಬಂದಿತ್ತು. ಬೋಗಾಣಿಯ ಕಡೆ ಒಮ್ಮೆ ನೋಡಿ, ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

"ಹಾಕು," ಎಂದಳು.